ಹಳೆ ಮಿಕ್ಸಿ ಕೊಡುವ ಮುನ್ನ

ಮಾನ್ಯರೇ,

ಹಬ್ಬ ಹತ್ತಿರ ಬಂದರೆ ಸಾಕು, ‘ಹಳೆಯದು ಕೊಡಿ, ಹೊಸದು ಒಯ್ಯಿರಿ’ ಜಾಹೀರಾತುಗಳ ಸುರಿಮಳೆ. ಕೈ ಬಿಗಿ ಇರುವವರು ಅಂಗಡಿಗೆ ಹೋಗುವ ಮುನ್ನ ಪ್ಲಗ್ ತೆಗೆದು ಮಿಕ್ಸಿಯನ್ನೊಮ್ಮೆ ಮಗುಚಿ ನೋಡಲಿ. ರುಬ್ಬುತ್ತಲೇ ನಿಂತುಹೋಗಿದ್ದರೆ ಹದಿನೈದು ನಿಮಿಷ ಆರಲು ಬಿಟ್ಟು ತಳದ ಕೆಂಪು ಓವರ್‌ಲೋಡ್ ಬಟನ್ ಒತ್ತಿದರೆ ಎಷ್ಟೋ ಸಲ ಮತ್ತೆ ಓಡುತ್ತದೆ. ಮೋಟಾರ್ ತಿರುಗಿಯೂ ಬ್ಲೇಡ್ ತಿರುಗದಿದ್ದರೆ ಜಾರನ್ನು ಮೋಟಾರಿಗೆ ಜೋಡಿಸುವ ಕಪ್ಲರ್‌ನ ಹಲ್ಲು ಸವೆದಿರುತ್ತದೆ. ಅದೇನೂ ದುಬಾರಿ ಮಾಲಲ್ಲ. ಬಿಚ್ಚುವಾಗ ಜೋಪಾನ: ಸಾಮಾನ್ಯವಾಗಿ ಅದರ ಥ್ರೆಡ್ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಒಳಗೆ ಕಿಡಿ ಹೆಚ್ಚಾಗಿದ್ದರೆ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಜಾರಿನ ತಳದಲ್ಲಿ ನೀರು ಜಿನುಗಿದರೆ ಬ್ಲೇಡಿನ ದಂಡವನ್ನು ಹಿಡಿದಿರುವ ಬುಷ್, ವಾಷರ್ ಹೋಗಿದೆ ಎಂದರ್ಥ; ಆ ನೀರು ಕೆಳಗಿಳಿದರೆ ಮೋಟಾರೇ ಸುಟ್ಟೀತು. ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಸುಟ್ಟ ಅಗ್ಗದ ಮಿಕ್ಸಿಗೆ ಮಾತ್ರ ಮತ್ತೆ ದುಡ್ಡು ಸುರಿಯಬೇಡಿ.

ಕುಕ್ಕರ್ ಕೂಗದೆ ಅಂಚಿನಲ್ಲಿ ಆವಿ ಬಿಟ್ಟರೆ ಮೊದಲು ಗ್ಯಾಸ್ಕೆಟ್ ಬದಲಿಸಿ. ಸೇಫ್ಟಿ ವಾಲ್ವ್ ಮಾತ್ರ ಅದೇ ಕಂಪನಿಯದಿರಲಿ. ತಳ ಉಬ್ಬಿದ ಕುಕ್ಕರ್ ನೇರ ಗುಜರಿಗೆ. ಹೊಸದರ ಮೇಲೆ ಐಎಸ್‌ಐ ಗುರುತು ಕಡ್ಡಾಯ. ಗ್ಯಾಸ್‌ನ ಸುರಕ್ಷಾ ಪೈಪಿಗೆ 5 ವರ್ಷ ಆಯಸ್ಸು, ಅಲ್ಲಿ ಉಳಿತಾಯ ಬೇಡ.

ಕೊಳ್ಳಲೇಬೇಕಾದರೆ ಎಕ್ಸ್‌ಚೇಂಜ್ ಇಲ್ಲದ ನಗದು ದರವನ್ನೂ ಕೇಳಿ. ಎಷ್ಟೋ ಕಡೆ ಎರಡಕ್ಕೂ ಇರುವ ವ್ಯತ್ಯಾಸ ಒಂದು ಚಟ್ನಿ ಜಾರಿನ ಬೆಲೆಯೂ ಅಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನು ಅಂಗಡಿಯವರು ಬಿಲ್ಲಿನಲ್ಲೇ ಬರೆದುಕೊಡಲಿ.

– ಮಿಕ್ಸಿ ರಿಪೇರಿಗಾರ, ಹಾಸನ