ಏಳು ಬಟ್ಟಲು ನೀರು: ಪ್ರವಾಸೋದ್ಯಮ ಸಚಿವರಿಗೆ ಹುಬ್ಬಳ್ಳಿಯಿಂದ ಬಹಿರಂಗ ಪತ್ರ

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಹುಬ್ಬಳ್ಳಿಯಿಂದ ತಡಸ ಕ್ರಾಸ್ ಹಿಡಿದು ಹೊರಟರೆ ಮುಂಡಗೋಡ ಸುಮಾರು 50 ಕಿಲೋಮೀಟರ್. ರವಿವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಾರು, ಕ್ರೂಸರ್, ಬೈಕುಗಳು ಅಲ್ಲಿನ ಟಿಬೆಟ್ ಕ್ಯಾಂಪಿನ ದಾರಿ ಹಿಡಿಯುತ್ತವೆ. ಜಿಲ್ಲೆ ಉತ್ತರ ಕನ್ನಡವಾದರೂ ಹೋಗುವವರಲ್ಲಿ ಬಹಳಷ್ಟು ಜನ ನಮ್ಮ ಕಡೆಯವರೇ. ಹೋಗುವ ಆಸೆ ಒಳ್ಳೆಯದೇ. ಒಳಗೆ ಕಾಲಿಟ್ಟ ಮೇಲೆ ಏನು ನೋಡುತ್ತಿದ್ದೇವೆ, ಹೇಗೆ ನಡೆದುಕೊಳ್ಳಬೇಕು ಎಂದು ಕನ್ನಡದಲ್ಲಿ ತಿಳಿಸಿಕೊಡುವ ಏರ್ಪಾಡು ಬೇಕು. ಸೆಲ್ಫಿ ಪಾಯಿಂಟ್, ಕಮಾನು, ಬಣ್ಣದ ದೀಪಗಳಿಗೆ ಹಣ ಇಡುವ ಮೊದಲು ಈ ಕೆಲಸ ಆಗಲಿ ಎಂಬುದು ನಮ್ಮ ವಿನಂತಿ. ಖರ್ಚೂ ಕಡಿಮೆ.

ಮೊದಲು ಜಾಗದ ಸ್ವರೂಪ. ಮುಂಡಗೋಡದ ಟಿಬೆಟ್ ನೆಲೆ ಶುರುವಾದದ್ದು 1966ರಲ್ಲಿ. ಒಂದನೇ ನಂಬರಿನ ಲಾಮಾ ಕ್ಯಾಂಪಿನಲ್ಲಿ ಗಾಂದೆನ್, ಎರಡನೆಯದರಲ್ಲಿ ದ್ರೆಪುಂಗ್ ವಿಹಾರಗಳಿವೆ. ಇವುಗಳ ಮೂಲ ಲ್ಹಾಸಾದ ಆಸುಪಾಸಿನಲ್ಲಿ. ಗಾಂದೆನ್ 1409ರಲ್ಲಿ ಆಚಾರ್ಯ ತ್ಸೊಂಗ್‌ಖಾಪಾ ಕಟ್ಟಿದ್ದು, ದ್ರೆಪುಂಗ್ 1416ರಲ್ಲಿ ಅವರ ಶಿಷ್ಯರು ಕಟ್ಟಿದ್ದು. 1959ರ ನಂತರ ನಿರಾಶ್ರಿತರಾಗಿ ಬಂದ ಭಿಕ್ಷುಗಳು ಅವನ್ನು ಇಲ್ಲಿ ಮತ್ತೆ ಎಬ್ಬಿಸಿದರು. ಸಾವಿರಾರು ಭಿಕ್ಷುಗಳು ಇಂದಿಗೂ ಪ್ರಮಾಣ, ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ, ವಿನಯ ಎಂಬ ಐದು ಶಾಸ್ತ್ರಗಳನ್ನು ಓದುವ ಗುರುಕುಲಗಳಿವು. ಉನ್ನತ ಗೆಶೆ ಪದವಿ ಕೈಸೇರಲು ಸುಮಾರು ಇಪ್ಪತ್ತು ವರ್ಷ ಬೇಕು. ಧಾರವಾಡದ ವಿಶ್ವವಿದ್ಯಾಲಯದ ತರಗತಿಗೆ ಪಾಠದ ನಡುವೆ ನೂರು ಜನ ಮೊಬೈಲ್ ಹಿಡಿದು ನುಗ್ಗಿದರೆ ಹೇಗಿದ್ದೀತೋ, ರವಿವಾರ ಅಲ್ಲಿಯೂ ಹಾಗೆಯೇ.

ನಮ್ಮ ಜನ ತಪ್ಪುವುದು ದುರುದ್ದೇಶದಿಂದಲ್ಲ. ನಮ್ಮ ಗುಡಿಯ ರೂಢಿಯನ್ನು ಅಲ್ಲಿಗೂ ಹೊತ್ತೊಯ್ಯುತ್ತಾರೆ, ಅಷ್ಟೇ. ಬುದ್ಧನ ಮುಂದೆ ಸಾಲಾಗಿ ಇಟ್ಟ ಏಳು ಬಟ್ಟಲುಗಳ ನೀರನ್ನೇ ತೆಗೆದುಕೊಳ್ಳಿ. ಅದು ತೀರ್ಥವೆಂದು ಅಂಗೈ ಒಡ್ಡುವವರು, ಬೆರಳದ್ದಿ ಕಣ್ಣಿಗೆ ಒತ್ತಿಕೊಳ್ಳುವವರು, ನಾಣ್ಯ ಹಾಕುವವರು ಇದ್ದಾರೆ. ಆ ಏಳು ಬಟ್ಟಲುಗಳ ಹೆಸರು ಕೇಳಿದರೆ ನಮ್ಮ ಕಡೆಯ ಯಾವ ಅಜ್ಜಿಗೂ ತಟ್ಟನೆ ಅರ್ಥವಾಗುತ್ತದೆ: ಅರ್ಘ್ಯ, ಪಾದ್ಯ, ಪುಷ್ಪ, ಧೂಪ, ಆಲೋಕ, ಗಂಧ, ನೈವೇದ್ಯ. ಆಲೋಕವೆಂದರೆ ದೀಪ. ದೇವರ ಮನೆಯಲ್ಲಿ ನಾವು ಮಾಡುವ ಉಪಚಾರಗಳೇ ಅಲ್ಲಿ ನೀರಿನ ರೂಪದಲ್ಲಿ ಕೂತಿವೆ. ನೀರೇ ಏಕೆಂದರೆ ಅದು ಬಡವನಿಗೂ ಸಿಗುತ್ತದೆ, ಕೊಟ್ಟೆನೆಂಬ ಹಮ್ಮಾಗಲಿ, ಕಳೆದುಕೊಂಡೆನೆಂಬ ಕೊರಗಾಗಲಿ ಉಳಿಯುವುದಿಲ್ಲ. ಬೆಳಗ್ಗೆ ಎಡದಿಂದ ಬಲಕ್ಕೆ ತುಂಬುತ್ತಾರೆ. ಒಂದು ಬಟ್ಟಲಿಗೂ ಇನ್ನೊಂದಕ್ಕೂ ನಡುವೆ ಒಂದು ಜವೆಗೋಧಿ ಕಾಳಿನಷ್ಟು ಅಂತರ ಇರಬೇಕು, ತಾಗಲೂಬಾರದು, ದೂರವೂ ಆಗಬಾರದು. ನೀರು ಅಂಚಿಗಿಂತ ಒಂದು ಕಾಳಿನಷ್ಟು ಕೆಳಗಿರಬೇಕು, ಚೆಲ್ಲಬಾರದು. ಸಂಜೆ ಬಲದಿಂದ ಎಡಕ್ಕೆ ಬರಿದು ಮಾಡಿ, ಒರೆಸಿ ಬೋರಲು ಹಾಕುತ್ತಾರೆ. ಬರಿದಾದ ಬಟ್ಟಲನ್ನು ನೆಟ್ಟಗೆ ಇಡುವುದಿಲ್ಲ. ಹೀಗಾಗಿ ಬೋರಲು ಬಿದ್ದ ಬಟ್ಟಲನ್ನು ಯಾರೋ ಕೆಡವಿದ್ದಾರೆಂದು ಎತ್ತಿ ನಿಲ್ಲಿಸುವುದೂ ತಪ್ಪೇ. ನಾಲ್ಕು ಸಾಲಿನಲ್ಲಿ ಇಷ್ಟು ಬರೆದು ಬಾಗಿಲ ಬಳಿ ಹಾಕಿದರೆ ಯಾರೂ ಆ ನೀರಿಗೆ ಬೆರಳು ಅದ್ದಲಾರರು. ಬರೀ ‘ಮುಟ್ಟಬೇಡಿ’ ಎಂದು ಬರೆದರೆ ಅದ್ದುವವರು ಇದ್ದೇ ಇರುತ್ತಾರೆ. ನಿಷೇಧದ ಪಟ್ಟಿಗಿಂತ ಕಾರಣ ಹೇಳುವ ಫಲಕ ಬೇಕು ಎನ್ನುವುದು ಇದಕ್ಕಾಗಿ.

ಕಾಯಿ, ಕರ್ಪೂರ, ಊದಿನಕಡ್ಡಿ, ಕುಂಕುಮಗಳ ಮಾತೂ ಇಂಥದ್ದೇ. ಅಲ್ಲಿ ಕಾಯಿ ಒಡೆಯುವ ಕಲ್ಲಿಲ್ಲ, ಮಂಗಳಾರತಿ ತಟ್ಟೆ ಮುಂದೆ ಬರುವುದಿಲ್ಲ. ಗೋಡೆಗಳ ಮೇಲೆ ತೂಗುವ ಥಾಂಕಾ ಚಿತ್ರಗಳು ಬಟ್ಟೆಯ ಮೇಲೆ ಬರೆದು ರೇಷ್ಮೆಯ ಅಂಚು ಹೊಲಿದವು. ಕರ್ಪೂರದ ಹೊಗೆಯ ಕಪ್ಪು ಅವುಗಳ ಮೇಲೆ ಕೂತರೆ ತೊಳೆಯಲು ಬರುವುದಿಲ್ಲ. ಒಂದು ಕಿಡಿ ಬಿದ್ದರಂತೂ ಹೇಳುವುದೇ ಬೇಡ. ದೀಪ ಹಚ್ಚಬೇಕೆನ್ನುವವರು ದೀಪಕ್ಕೆಂದೇ ಬೇರೆ ಕೋಣೆ ಇದ್ದಲ್ಲಿ ಭಿಕ್ಷುಗಳನ್ನು ಕೇಳಿ ಅಲ್ಲೇ ಹಚ್ಚಬೇಕು. ಉರಿಯುವ ದೀಪವನ್ನು ಬಾಯಿಂದ ಊದಿ ಆರಿಸಬಾರದು. ಬೌದ್ಧರ ದೇವತೆಯಾದ ತಾರಾದೇವಿಯ ಮೂರ್ತಿ ಕಂಡ ನಮ್ಮ ಹೆಣ್ಣುಮಕ್ಕಳಿಗೆ ಉಡಿ ತುಂಬಬೇಕು ಅನ್ನಿಸುವುದು ಸಹಜ. ಅಲ್ಲಿ ಉಡಿಯ ಬದಲು ಖತಾ ಎಂಬ ಬಿಳಿ ಶಲ್ಯ ಅರ್ಪಿಸುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಕೊಟ್ಟರೆ ಆಯಿತು. ಹಣ್ಣು ಇಡಬಹುದು. ಹಣ ಹುಂಡಿಗೆ ಹಾಕಬೇಕು, ಮೂರ್ತಿಯ ಕೈಗೆ, ಮಡಿಲಿಗೆ ಸಿಕ್ಕಿಸಬಾರದು.

ಪ್ರದಕ್ಷಿಣೆಗೆ ಹೊಸ ಪಾಠ ಬೇಡ, ನಮ್ಮ ಹಾಗೆಯೇ ಮಂದಿರ, ಸ್ತೂಪ ಬಲಗೈ ಕಡೆಗೆ ಇರುವಂತೆ ಸುತ್ತುವುದು. ಎಡವಟ್ಟಾಗುವುದು ಸಾಲಾಗಿ ನಿಲ್ಲಿಸಿದ ಪ್ರಾರ್ಥನಾ ಚಕ್ರಗಳ ಹತ್ತಿರ. ಅವುಗಳ ಒಳಗೆ ಅಚ್ಚಿನ ಸುತ್ತ ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಬರೆದ ಕಾಗದವನ್ನು ಬಿಗಿಯಾಗಿ ಸುತ್ತಿರುತ್ತಾರೆ. ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯುತ್ತ ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಚಕ್ರ ಸರಿಯಾದ ದಿಕ್ಕಿಗೇ ತಿರುಗುತ್ತದೆ. ವಿಡಿಯೋಕ್ಕೆಂದು ಎದುರಿನಿಂದ ಬಂದು ಎಳೆಯುವವರು ಅದನ್ನು ಉಲ್ಟಾ ತಿರುಗಿಸುತ್ತಾರೆ. ಮಕ್ಕಳು ಪೈಪೋಟಿಯಲ್ಲಿ ಗಿರಗಿರನೆ ತಿರುಗಿಸಿದರೆ ಅಚ್ಚು ಸವೆದು ಚಕ್ರ ಓಲಾಡತೊಡಗುತ್ತದೆ.

ಸಭಾಮಂದಿರದ ಒಳಗೆ ಚಪ್ಪಲಿ, ಟೋಪಿ, ತಂಪು ಕನ್ನಡಕ ಬೇಡವೆನ್ನುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿಗಳು ಬೇರೆ. ನೆಲದ ಮೇಲೆ ಉದ್ದಕ್ಕೆ ಹಾಸಿದ ದಿಂಬುಗಳು ಭಿಕ್ಷುಗಳ ಆಸನ. ಅವುಗಳ ಮೇಲೆ ಕೂರುವುದಾಗಲಿ, ದಾಟುವುದಾಗಲಿ ಸಲ್ಲ. ಗೋಡೆಯ ಬದಿಯಿಂದ ಸುತ್ತಿ ಹೋಗಬೇಕು. ಬಟ್ಟೆಯಲ್ಲಿ ಕಟ್ಟಿಟ್ಟ ಉದ್ದನೆಯ ಬಿಡಿ ಹಾಳೆಗಳ ಕಟ್ಟು ಪೋಥಿ, ಅಂದರೆ ಶಾಸ್ತ್ರಗ್ರಂಥ. ಅದರ ಮೇಲೆ ಚೀಲ, ಹೆಲ್ಮೆಟ್, ನೀರಿನ ಬಾಟಲಿ ಇಡಬಾರದು. ನಡುವಿನ ಎತ್ತರದ ಪೀಠ ಖಾಲಿ ಇದ್ದರೂ ಅದು ದಲೈ ಲಾಮಾ ಅವರಿಗೋ ಪೀಠಾಧಿಪತಿಗಳಿಗೋ ಮೀಸಲು. ಮಗುವನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯುವುದು ಅಲ್ಲಿಯವರಿಗೆ ತೀರ ನೋವು ಕೊಡುವ ಸಂಗತಿ. ಆದರೂ ಅವರು ಗದರುವುದಿಲ್ಲ. ಅವರ ಈ ತಾಳ್ಮೆಯನ್ನೇ ನಮ್ಮವರು ಒಪ್ಪಿಗೆ ಎಂದು ತಿಳಿಯುತ್ತಾರೆ. ಧರ್ಮವನ್ನು ಕಾಯುವ ಉಗ್ರರೂಪದ ದೇವತೆಗಳಾದ ಧರ್ಮಪಾಲರ ಕೋಣೆ ಇದ್ದಲ್ಲಿ ಕೇಳದೆ ಹೊಸ್ತಿಲು ದಾಟಬಾರದು, ಅಲ್ಲಿ ಫೋಟೋ ಬೇಡವೇ ಬೇಡ.

ಇನ್ನು ಶಾಸ್ತ್ರಾರ್ಥ, ಅಂದರೆ ಭಿಕ್ಷುಗಳು ಓದಿದ್ದರ ಮೇಲೆ ನಡೆಸುವ ತರ್ಕದ ವಾದ. ಸಂಜೆ ಅಂಗಳದಲ್ಲಿ ನೂರಾರು ಕೆಂಪು ವಸ್ತ್ರದವರು ಜೋಡಿ ಜೋಡಿಯಾಗಿ ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ಕೂಗುವುದನ್ನು ಕಂಡು ಜಗಳವೆಂದು ಹೆದರುವವರಿದ್ದಾರೆ, ನಗುತ್ತ ಅಣಕಿಸುವವರೂ ಇದ್ದಾರೆ. ಕೂತವನು ವಾದವನ್ನು ಸಮರ್ಥಿಸುವವನು, ನಿಂತವನು ಪ್ರಶ್ನೆ ಹಾಕುವವನು. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಬಲಗೈ ಎಡಗೈ ಮೇಲೆ ಬೀಳುತ್ತದೆ, ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ. ಆಮೇಲೆ ಎಡಗೈ ಮುಂದೆ ಚಾಚುವುದು ಕೆಳಲೋಕಗಳ ಬಾಗಿಲು ಮುಚ್ಚಲು, ಬಲಗೈ ಮೇಲಕ್ಕೆಳೆಯುವುದು ಜೀವಿಗಳನ್ನು ದುಃಖದಿಂದ ಎತ್ತಲು ಎಂದು ಅರ್ಥ ಹೇಳುತ್ತಾರೆ. ಕೂತವನಿಗೆ ಸಿಗುವುದು ನಾಲ್ಕೇ ಉತ್ತರ: ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’ (ಕೊಟ್ಟ ಕಾರಣವೇ ನಿಜವಲ್ಲ), ‘ವ್ಯಾಪ್ತಿ ಇಲ್ಲ’ (ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ). ಹೊಗೆ ಇದ್ದಲ್ಲೆಲ್ಲ ಬೆಂಕಿ ಎಂದು ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ಕಲಿಸುವ ತರ್ಕದ ವ್ಯಾಪ್ತಿಯೇ ಇದು. ಚಿಕ್ಕ ಹುಡುಗರು ಬಣ್ಣಗಳಿಂದ ಶುರುಮಾಡುತ್ತಾರೆ. ಬಣ್ಣವಾದದ್ದೆಲ್ಲ ಕೆಂಪೇ ಎಂದು ಒಬ್ಬ ಒಪ್ಪಿಬಿಟ್ಟರೆ ಇನ್ನೊಬ್ಬ ಬಿಳಿ ಶಂಖದ ಬಣ್ಣವನ್ನು ಮುಂದೊಡ್ಡಿ ಸಿಕ್ಕಿಸುತ್ತಾನೆ. ಮಾತು ತಪ್ಪಿ ಸಿಕ್ಕಿಬಿದ್ದರೆ ‘ತ್ಸಾ!’ ಎಂಬ ಕೂಗು ಏಳುತ್ತದೆ. ಇಷ್ಟು ತಿಳಿದು ಅಂಗಳದ ಅಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತವರಿಗೆ ಭಾಷೆ ಬಾರದಿದ್ದರೂ ಯಾರು ಸೋತರೆಂದು ಗೊತ್ತಾಗುತ್ತದೆ. ಈ ಭಾಗದಲ್ಲಿ ಇದಕ್ಕಿಂತ ಬೆಲೆಬಾಳುವ ನೋಟ ಇನ್ನೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ. ಜೋಡಿಗಳ ನಡುವೆ ನುಗ್ಗುವುದು, ಡ್ರೋನ್ ಹಾರಿಸುವುದು, ಚಪ್ಪಾಳೆಗೆ ಮರುಚಪ್ಪಾಳೆ ತಟ್ಟುವುದು ಅದನ್ನು ಹಾಳುಮಾಡುತ್ತವೆ.

ಹೊತ್ತಿನ ವಿಷಯ. ನಮ್ಮ ಜನ ಹನ್ನೊಂದಕ್ಕೆ ಹುಬ್ಬಳ್ಳಿ ಬಿಟ್ಟು ಮಧ್ಯಾಹ್ನದ ಊಟದ ವೇಳೆಗೆ ತಲುಪುತ್ತಾರೆ. ಆಗ ಮಂದಿರಗಳ ಬಾಗಿಲು ಹಾಕಿರುವುದುಂಟು. ನಾಲ್ಕಕ್ಕೆ ಹೊರಟು ಬಿಡುವುದರಿಂದ ಶಾಸ್ತ್ರಾರ್ಥವೂ ತಪ್ಪುತ್ತದೆ. ಮಧ್ಯಾಹ್ನ ಎರಡರ ನಂತರ ತಲುಪಿ ಸಂಜೆ ಕಳೆದು ಮರಳುವುದು ಸರಿ. ಬಸ್ಸಿನವರಿಗೆ ಇದು ಸುಲಭವಲ್ಲ. ಮುಂಡಗೋಡ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೇ ಲಾಮಾ ಕ್ಯಾಂಪ್ ಸೇರಬೇಕು. ಶನಿವಾರ, ರವಿವಾರ ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಟು ನೇರ ಲಾಮಾ ಕ್ಯಾಂಪಿಗೆ ಹೋಗಿ, ಶಾಸ್ತ್ರಾರ್ಥ ಮುಗಿದ ಮೇಲೆ ಮರಳುವ ಒಂದು ಬಸ್ಸಿಗಾಗಿ ತಾವು ಸಾರಿಗೆ ಸಚಿವರೊಡನೆ ಮಾತಾಡಬೇಕು. ವಿದೇಶಿ ಪಾಸ್‌ಪೋರ್ಟಿನ ಅತಿಥಿಗಳಿಗೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು, ಅದು ಕೈಗೆ ಬರಲು ವಾರಗಳೇ ಹಿಡಿಯುತ್ತವೆ. ಇದನ್ನು ಇಲಾಖೆಯ ಕರಪತ್ರದಲ್ಲಿ ಮೊದಲ ಸಾಲಿನಲ್ಲೇ ಹಾಕಬೇಕು.

ಶಾಲಾ ಪ್ರವಾಸಗಳ ಬಗ್ಗೆ ನಮಗೆ ಹೆಚ್ಚಿನ ಕಳವಳ. ಡಿಸೆಂಬರ್, ಜನವರಿಯಲ್ಲಿ ಒಂದೊಂದು ಬಸ್ಸಿನಿಂದ ಐವತ್ತು, ಅರವತ್ತು ಮಕ್ಕಳು ಒಮ್ಮೆಲೇ ಇಳಿಯುತ್ತಾರೆ. ಇಪ್ಪತ್ತೈದು, ಮೂವತ್ತರಂತೆ ಎರಡು ತಂಡ ಮಾಡಿ ಒಂದು ತಂಡ ಹೊರಗೆ ಸ್ತೂಪ ಸುತ್ತುವಾಗ ಇನ್ನೊಂದು ಒಳಗಿದ್ದರೆ ಗದ್ದಲ ಅರ್ಧಕ್ಕಿಳಿಯುತ್ತದೆ. ಬುತ್ತಿ ಬಿಚ್ಚುವುದು ಅಂಗಳದಲ್ಲಿ ಆಗಬಾರದು, ಅದಕ್ಕೆ ನೆರಳು, ನೀರು, ಶೌಚಾಲಯ ಇರುವ ಜಾಗ ಬೇಕು. ವಾಹನಗಳ ನಿಲುಗಡೆಯೂ ಅಲ್ಲೇ ಆದರೆ ಹಾರ್ನ್ ಸದ್ದು ಪಾಠಕ್ಕೆ ತಟ್ಟುವುದಿಲ್ಲ. ಹೊರಡುವ ಹಿಂದಿನ ದಿನ ತರಗತಿಯಲ್ಲಿ ಇಪ್ಪತ್ತು ನಿಮಿಷ ಓದಿ ಹೇಳುವಂಥ ಒಂದು ಹಾಳೆಯನ್ನು ಇಲಾಖೆ ಅಚ್ಚು ಹಾಕಿಸಿ ಶಾಲೆಗಳಿಗೆ ಕೊಡಲಿ.

ಆ ಹಾಳೆಯಲ್ಲಿ ಡಂಬಳದ ಮಾತು ಇರಲೇಬೇಕು. ಬುದ್ಧ ನಮ್ಮ ನೆಲಕ್ಕೆ 1966ರಲ್ಲಿ ಬಂದ ಅತಿಥಿಯಲ್ಲ. ಗದಗ ಜಿಲ್ಲೆಯ ಡಂಬಳದ 1095ರ ಶಾಸನ, ಆರನೆಯ ವಿಕ್ರಮಾದಿತ್ಯನ ಕಾಲದ್ದು, ಅಲ್ಲಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಶಾಸನದ ತಾರಾಸ್ತುತಿ ಸಿಂಹ, ಆನೆ, ಬೆಂಕಿ, ಸರ್ಪ, ಕಳ್ಳ, ಸಂಕೋಲೆ, ನೀರು, ಪಿಶಾಚಿ ಎಂಬ ಎಂಟು ಭಯಗಳನ್ನು ಕಳೆಯುವವಳೆಂದು ಆಕೆಯನ್ನು ಕರೆಯುತ್ತದೆ. ಮುಂಡಗೋಡದ ಭಿಕ್ಷುಗಳು ಇಂದಿಗೂ ತಾರೆಯನ್ನು ಎಂಟು ಭಯ ಕಳೆಯುವವಳೆಂದೇ ಸ್ತುತಿಸುತ್ತಾರೆ. ಇಪ್ಪತ್ನಾಲ್ಕು ಮೂಲೆಯ ನಕ್ಷತ್ರದಾಕಾರದ ದೊಡ್ಡಬಸಪ್ಪ ಗುಡಿ ನೋಡಲು ಡಂಬಳಕ್ಕೆ ಬರುವವರ ಕಣ್ಣಿಗೆ ಬೀಳುವಂತೆ ಈ ಸ್ತುತಿಯ ಹೊಸಗನ್ನಡ ಅರ್ಥವಿರುವ ಕಲ್ಲಿನ ಫಲಕವೊಂದನ್ನು ನಿಲ್ಲಿಸಿ. ಡಂಬಳ, ಲಕ್ಕುಂಡಿ ನೋಡಿ ಮಾರನೆಯ ದಿನ ಮುಂಡಗೋಡಕ್ಕೆ ಹೋದ ಹುಡುಗಿಗೆ ಅಲ್ಲಿನ ತಾರೆ ಪರದೇಶದವಳಾಗಿ ಕಾಣುವುದಿಲ್ಲ.

ಕೊನೆಗೆ ಲಾಮಾ ಕ್ಯಾಂಪಿನ ಫಲಕದ ವಿವರ. ನಾಲ್ಕಡಿ ಅಗಲ, ಆರಡಿ ಎತ್ತರ ಇರಲಿ. ಫ್ಲೆಕ್ಸ್ ಬೇಡ, ಅಲ್ಲಿನ ಒಂದು ಮಳೆಗಾಲಕ್ಕೇ ಹರಿಯುತ್ತದೆ. ಲೋಹದ ತಗಡಿನ ಮೇಲೆ ಬರೆಸಿ. ಮೇಲೆ ಕನ್ನಡ, ಕೆಳಗೆ ಟಿಬೆಟನ್, ಹಿಂದಿ, ಇಂಗ್ಲಿಷ್. ಒಂದೇ ಫಲಕಕ್ಕೆ ಎಲ್ಲವನ್ನೂ ತುರುಕದೆ, ಬಟ್ಟಲುಗಳ ವಿಷಯ ಮಂದಿರದ ಬಾಗಿಲಲ್ಲಿ, ಚಕ್ರದ ವಿಷಯ ಚಕ್ರಗಳ ಮೊದಲ ತುದಿಯಲ್ಲಿ, ಶಾಸ್ತ್ರಾರ್ಥದ ವಿಷಯ ಅಂಗಳದ ಅಂಚಿನಲ್ಲಿ ಇರಲಿ. ಒಕ್ಕಣೆ ಬೆಂಗಳೂರಿನಲ್ಲಿ ಸಿದ್ಧವಾಗಿ ಬರುವುದು ಬೇಡ. ಆಯಾ ವಿಹಾರದ ಹಿರಿಯ ಭಿಕ್ಷುಗಳು ಓದಿ ಒಪ್ಪಿದ ಮೇಲೆಯೇ ಬರೆಯುವವರ ಕೈಗೆ ಹೋಗಲಿ, ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅವರೇ ತೋರಿಸಲಿ. ಈ ಡಿಸೆಂಬರಿನ ಮೊದಲ ಶಾಲಾ ಬಸ್ಸು ತಡಸ ದಾಟುವ ಮೊದಲು ಬಟ್ಟಲುಗಳ ಫಲಕವೊಂದಾದರೂ ನಿಂತಿರಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಪ್ರವಾಸಪ್ರಿಯ ನಾಗರಿಕರು