ಸಾಕಾದಾಗ ಬಾಯಿಬಿಟ್ಟು ಹೇಳಿ, ನಮ್ಮ ಬಾಯಿ ಮುಚ್ಚಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನಕ್ಕೆಂದು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮಗುವನ್ನು ಬೈಯಬೇಡಿ, ಪಕ್ಕದ ಮನೆ ಮಕ್ಕಳ ಜೊತೆ ಹೋಲಿಸಬೇಡಿ ಅಂತ ಬರೆದಿದ್ದು ನನಗೆ ಹಿಡಿಸಿತು. ಆದರೆ ನಡುವೆ ಒಂದು ಸಲಹೆ ಇದೆ. ಮಗು ಸದಾ ಒಂದೇ ವಿಷಯ ಮಾತಾಡುತ್ತಿದ್ದರೆ ಉತ್ತರ ಕೊಡಬೇಡಿ, ಗಮನ ಬೇರೆ ಕಡೆ ತಿರುಗಿಸಿ, ಆ ಗೀಳು ನಿಧಾನವಾಗಿ ಬಿಟ್ಟುಹೋಗುತ್ತದೆ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಾನು ಮದ್ದೂರಿನವಳು. ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ನನಗೂ ಆಟಿಸಂ ಇದೆ. ಗೊತ್ತಾಗಿದ್ದು ಮಗಳು ಹೈಸ್ಕೂಲಿಗೆ ಬಂದ ಮೇಲೆ. ಅಣ್ಣನ ಮಗನನ್ನು ಡಾಕ್ಟರಿಗೆ ತೋರಿಸಿದಾಗ ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು ಬಂದ ಅತ್ತಿಗೆ, 'ಅರ್ಧ ಪ್ರಶ್ನೆ ನಿನ್ ಬಗ್ಗೆನೇ ಕೇಳ್ದಂಗಿತ್ತು ಕಣೆ' ಅಂದರು. ಆಮೇಲೆ ನಾನೂ ಹೋಗಿ ತೋರಿಸಿಕೊಂಡೆ. ಹಾಗಾಗಿ, ಉತ್ತರ ಕೊಡಬೇಡಿ ಅಂತ ನಿಮ್ಮ ಲೇಖನ ಹೇಳಿದ ಆ ಮಗು ದೊಡ್ಡದಾದ ಮೇಲೆ ಬರೆದ ಕಾಗದ ಇದು ಅಂತಲೇ ಓದಿಕೊಳ್ಳಿ.

ನನ್ನ ವಿಷಯ ವೀರಗಲ್ಲು. ಊರ ಬಾಗಿಲಲ್ಲಿ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ನಿಂತಿರುತ್ತವಲ್ಲ, ಆ ಕಲ್ಲುಗಳು. ಬಹಳ ಕಡೆ ಮೂರು ಪಟ್ಟಿ ಇರುತ್ತದೆ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ಕಾಳಗದ ಪಟ್ಟಿಯಲ್ಲಿ ಹಸುಗಳಿದ್ದರೆ ಆತ ಊರಿನ ದನಗಳನ್ನು ಉಳಿಸಲು ಹೋಗಿ ಸತ್ತವನು. ದೊಡ್ಡ ದೊಡ್ಡ ರಾಜರ ಹೆಸರು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಹಸು ಬಿಡಿಸಿಕೊಂಡು ಬರಲು ಹೋದವನ ಹೆಸರು ಸಿಗುವುದು ಈ ಕಲ್ಲಿನ ಮೇಲೆ ಮಾತ್ರ. ಅದಕ್ಕೇ ನನಗೆ ಇವುಗಳ ಮೇಲೆ ಇಷ್ಟು ಪ್ರೀತಿ.

ನಮ್ಮ ತಾಲ್ಲೂಕಿನ ಆತಗೂರಿನದಂತೂ ನಾಯಿಯ ಕಲ್ಲು. ಶಾಸನದಲ್ಲಿ ಊರಿನ ಹೆಸರು ಆತಕೂರು ಅಂತಿದೆ. ಶಕ ವರ್ಷ 872, ಅಂದರೆ ಕ್ರಿ.ಶ. 949-50. ಈಗಿನ ತಮಿಳುನಾಡಿನ ತಕ್ಕೋಲಂನಲ್ಲಿ ನಡೆದ ಯುದ್ಧದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಜೊತೆಯಲ್ಲಿ ಕಾದಾಡಿದ ಮಣಲೇರನಿಗೆ ರಾಜ, ಏನು ಬೇಕೋ ಕೇಳಿಕೋ ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆ ನಾಯಿಯನ್ನು! ಆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಪೂಜಾರಿ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಬರೆಸಿದರು. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾಯಿಯೂ ಹಂದಿಯೂ ಕಾದಾಡುವುದನ್ನು ಕೆತ್ತಿದ್ದಾರೆ.

ನೋಡಿ, ಪತ್ರದಲ್ಲೂ ಶುರುವಾಯಿತು. ಇದನ್ನು ತೆಗೆದುಹಾಕದೆ ಬಿಟ್ಟಿದ್ದೇನೆ. ನಮ್ಮಂಥವರ ಮಾತು ಹೇಗೆ ಹರಿಯುತ್ತದೆ ಅಂತ ನಿಮ್ಮ ಓದುಗರಿಗೂ ತಿಳಿಯಲಿ.

ಮನೆಯಲ್ಲಿ ಯಾರಿಗೂ ಕಲ್ಲು ಬೇಡ. ಅವ್ವನಿಗೆ ಸೀರಿಯಲ್ಲು, ಹಸು, ಮೊಮ್ಮಗಳು. ಅಣ್ಣನಿಗೆ ಕಬ್ಬಿನ ರೇಟು ಮತ್ತು ಚುನಾವಣೆ. ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮನೆಗೆ ಬಂದರೆ ಕ್ರಿಕೆಟ್. ನಾನು ಬಾಯಿ ತೆರೆಯುವ ಮೊದಲೇ ಅವ್ವ 'ಇನ್ನೂ ಮುಗೀಲಿಲ್ವಾ ನಿನ್ ಕಲ್ಲಿನ್ ಪುರಾಣ, ಸಾಕು ಬುಡವ್ವ' ಅನ್ನುತ್ತಿದ್ದಳು. ನಗುನಗುತ್ತಲೇ ಅನ್ನುತ್ತಿದ್ದಳು. ಕೇಳಿದವರೂ ನಗುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ನಾಮಕರಣ, ಮದುವೆ ಮನೆಗಳಲ್ಲಂತೂ 'ಇವಳನ್ನ ಕಲ್ಲಿನ ಸುದ್ದಿ ಕೇಳ್ಬೇಡಿ, ಊಟ ತಣ್ಣಗಾಗುತ್ತೆ' ಅಂತ ಯಾರಾದರೂ ಹೇಳಿಬಿಡುವರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಆಗುತ್ತಿದ್ದ ನೋವು ಸಣ್ಣದಲ್ಲ.

ಯಾಕೆ ಅಂತ ಹೇಳುತ್ತೇನೆ. ಇವಳು ತನಗೆ ಗೊತ್ತಿರುವುದನ್ನು ತೋರಿಸಿಕೊಳ್ಳುತ್ತಾಳೆ, ಎದುರಿಗಿರುವವರ ಪರಿವೆಯೇ ಇಲ್ಲ ಅಂತ ಜನ ತಿಳಿಯುತ್ತಾರೆ. ನನ್ನೊಳಗೆ ನಡೆಯುವುದು ಬೇರೆ. ತೋಟದಲ್ಲಿ ಮೊದಲ ಮಾವು ಹಣ್ಣಾದರೆ ಮನೆಯವರಿಗೆ ಅಂತ ಸೆರಗಲ್ಲಿ ಕಟ್ಟಿಕೊಂಡು ಬರುತ್ತೇವಲ್ಲ, ಹಾಗೆ. ಯಾವುದೋ ಊರಲ್ಲಿ ಸುಣ್ಣ ಮೆತ್ತಿದ ಕಲ್ಲಿನ ಮೇಲೆ ಸಂಜೆಯ ಓರೆ ಬಿಸಿಲು ಬಿದ್ದು, ಅಲ್ಲಿಯವರೆಗೆ ಕಾಣದ ಅಕ್ಷರ ಒಂದೊಂದೇ ಎದ್ದು ಕಂಡಾಗ ನನಗೆ ಮೊದಲು ನೆನಪಾಗುವುದು ಯಜಮಾನರು, ಮಗಳು, ಅವ್ವ. ಇದನ್ನು ಅವರಿಗೆ ಹೇಳಬೇಕು ಅಂತ. ಪ್ರೀತಿಯ ಮಾತು ಬಾಯಲ್ಲಿ ಸಲೀಸಾಗಿ ಬರುವುದಿಲ್ಲ ನನಗೆ. ಕಲ್ಲಿನ ಮಾತು ಬರುತ್ತದೆ. ಅದನ್ನು ತಳ್ಳಿದರೆ ಕಲ್ಲಿನ ಜೊತೆ ನನ್ನನ್ನೂ ತಳ್ಳಿದ ಹಾಗೆ ಅನ್ನಿಸುತ್ತದೆ.

ಆಸಕ್ತಿ ಇರುವವರ ಗುಂಪುಗಳಿವೆಯಲ್ಲ, ಅಲ್ಲಿ ಹೋಗಿ ಮಾತಾಡು ಅಂತ ಸಲಹೆ ಕೊಡುವವರಿದ್ದಾರೆ. ಹೋಗಿದ್ದೇನೆ, ಈಗಲೂ ಹೋಗುತ್ತೇನೆ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಬಡಿದು ಬಡಿದು ಅಕ್ಷರದ ಗುಣಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತಿ ಅಚ್ಚು ತೆಗೆಯುವುದನ್ನು ನೋಡಿದ್ದು ಅಂಥವರ ಜೊತೆಯಲ್ಲೇ. ಕಪ್ಪಿನ ನಡುವೆ ಬಿಳಿ ಅಕ್ಷರ ಉಳಿಯುತ್ತದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಈಗ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಇವೆಲ್ಲದರ ಬಗ್ಗೆ ಅಲ್ಲಿ ಗಂಟೆಗಟ್ಟಲೆ ಮಾತಾಡಬಹುದು, ಯಾರೂ ಆಕಳಿಸುವುದಿಲ್ಲ. ತುಂಬಾ ಸಂತೋಷ. ಆದರೆ ಹೊರಗಿನ ಹತ್ತು ಜನ ಕೇಳಿದರೂ ಮನೆಯ ಒಬ್ಬರು ಕೇಳಿದ ಹಾಗೆ ಆಗುವುದಿಲ್ಲ.

ನಮ್ಮ ಗಮನ ಹೀಗೆ ಒಂದೇ ಕಡೆ ಆಳವಾಗಿ ಇಳಿಯುವುದನ್ನು ಸಂಶೋಧಕಿ ಡೈನಾ ಮರ್ರೆ ಮತ್ತು ಜೊತೆಗಾರರು 2005ರಲ್ಲಿ ಬರೆದ ಪ್ರಬಂಧದಲ್ಲಿ ಚೆನ್ನಾಗಿ ವಿವರಿಸಿದ್ದಾರೆ. ಮೊನೊಟ್ರೊಪಿಸಂ ಅನ್ನುತ್ತಾರೆ. ಒಂದು ವಿಷಯದೊಳಗೆ ಇಳಿದ ಮನಸ್ಸನ್ನು ತಟ್ಟನೆ ಎಳೆದು ಇನ್ನೊಂದರ ಮೇಲೆ ಕೂರಿಸುವುದು ನಮಗೆ ನಿಜಕ್ಕೂ ಕಷ್ಟ. ಅದು ಹಟ ಅಲ್ಲ. ಇನ್ನೊಬ್ಬರು ಸಂಶೋಧಕ ಡೇಮಿಯನ್ ಮಿಲ್ಟನ್, ಅವರಿಗೂ ಆಟಿಸಂ ಇದೆ. ಅವರು 2012ರಲ್ಲಿ ಬರೆದದ್ದು ನನಗೆ ಇನ್ನೂ ಹತ್ತಿರ. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬೇರೆಯವರಿಗೂ ನಮ್ಮ ಮನಸ್ಸು ತಿಳಿಯುವುದಿಲ್ಲ, ತೊಡಕು ಎರಡೂ ಕಡೆ ಇದೆ ಅಂತ.

ನಮ್ಮ ಮನೆಯಲ್ಲಿ ಆ ತೊಡಕು ಇದ್ದದ್ದು 'ಹೂಂ' ಅನ್ನುವುದರಲ್ಲಿ. ಚಿಕ್ಕವಳಿದ್ದಾಗ ಅಜ್ಜಿ ಕತೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕತೆ ನಿಂತಿತು. ಅದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಯಜಮಾನರು ಮೊಬೈಲ್ ನೋಡುತ್ತಾ 'ಹೂಂ, ಹೂಂ' ಅಂದರೆ ಮುಂದೆ ಹೇಳು ಅಂತಲೇ ನಾನು ತಿಳಿಯುತ್ತಿದ್ದೆ. ಅವರು ಮಾತ್ರ ಇವಳಿಗೆ ಈಗಲಾದರೂ ಗೊತ್ತಾಗಬಾರದಾ ಅಂತ ಒಳಗೊಳಗೇ ಬೇಯುತ್ತಿದ್ದರು. ಕೊನೆಗೆ ಸಿಟ್ಟು ಸಿಡಿಯುತ್ತಿತ್ತು. ನನಗೆ ಅದು ಎಲ್ಲಿಂದ ಬಂತು ಅಂತಲೇ ತಿಳಿಯುತ್ತಿರಲಿಲ್ಲ. ಆಕಳಿಕೆ, ಗಡಿಯಾರ ನೋಡುವುದು, ಕಾಲು ಅಲ್ಲಾಡಿಸುವುದು, ಇವುಗಳಲ್ಲಿ 'ಸಾಕು' ಅನ್ನುವುದು ನನಗೆ ಕಾಣುವುದಿಲ್ಲ. ಬಾಯಲ್ಲಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಈಗ ಹೇಳುತ್ತಾರೆ. ಇದೊಂದು ಬದಲಾವಣೆಯಿಂದ ನಮ್ಮ ಮನೆಯಲ್ಲಿ ಎಷ್ಟು ಹಗುರವಾಗಿದೆ ಅಂದರೆ, ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ರಾತ್ರಿ ಊಟ ಆದ ಮೇಲೆ ಯಜಮಾನರು ಪಾತ್ರೆ ತೊಳೆಯುತ್ತಾರೆ, ನಾನು ಒರೆಸಿ ಇಡುತ್ತೇನೆ. ಪಾತ್ರೆ ಮುಗಿಯುವವರೆಗೆ ಕಲ್ಲಿನ ಮಾತು. ಆಮೇಲೆ ಇಲ್ಲ. ಆಗದ ದಿನ, 'ಇವತ್ತು ಆಗಲ್ಲ ಕಣೆ, ತಲೆ ಓಡ್ತಿಲ್ಲ, ನಾಳೆ ಹೇಳು' ಅನ್ನುತ್ತಾರೆ. ನನಗೆ ಒಂದಿಷ್ಟೂ ಬೇಜಾರಾಗುವುದಿಲ್ಲ. ಯಾಕೆಂದರೆ ನಾಳೆ ಕೇಳುತ್ತಾರೆ. ಮಗಳೂ ಅಷ್ಟೇ. 'ಅಮ್ಮಾ, ಐದು ನಿಮಿಷ, ಆಮೇಲೆ ಟೆಸ್ಟ್‌ಗೆ ಓದ್ಕೋಬೇಕು' ಅಂತ ಮೊದಲೇ ಹೇಳುತ್ತಾಳೆ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಅಷ್ಟರಲ್ಲಿ ಯಾವುದು ಹೇಳಲಿ ಅಂತ ನಾನು ಆರಿಸಿಕೊಳ್ಳಬಲ್ಲೆ.

ಯಜಮಾನರಿಗೆ ಇವತ್ತಿಗೂ ವೀರಗಲ್ಲಿನಲ್ಲಿ ಆಸಕ್ತಿ ಇಲ್ಲ. ಬರಬೇಕು ಅಂತ ನಾನು ಕೇಳುವುದೂ ಇಲ್ಲ. ಆದರೆ ಮೊನ್ನೆ ತಟ್ಟೆ ಉಜ್ಜುತ್ತಾ, 'ರಾಜನ್ನ ಊರೋ ಹೊಲಾನೋ ಕೇಳ್ಬೋದಿತ್ತಲ್ಲ ಅವ್ನು, ನಾಯಿ ಯಾಕೆ ಕೇಳ್ದ?' ಅಂದರು. ಎಂದೋ ಹೇಳಿದ ಕತೆ! ಅಷ್ಟು ದಿನ ತಲೆಯಲ್ಲಿಟ್ಟುಕೊಂಡು ಒಂದು ಪ್ರಶ್ನೆ ಕೇಳಿದರಲ್ಲ, ನನಗೆ ಬೇಕಾಗಿದ್ದು ಅಷ್ಟೇ. ಎಲ್ಲವನ್ನೂ ಕೇಳಬೇಕಾಗಿಲ್ಲ. ಕೇಳಿದ್ದರಲ್ಲಿ ಒಂದನ್ನು ಹಿಡಿದು ಒಂದು ನಿಜವಾದ ಪ್ರಶ್ನೆ ಕೇಳಿದರೆ ಸಾಕು. ಕೇಳುವ ಹಾಗೆ ನಟಿಸುವುದು ಮಾತ್ರ ಬೇಡ. ಅದು ಗೊತ್ತಾದ ದಿನ ಹಿಂದೆ ಕೇಳಿದ್ದೆಲ್ಲವೂ ಸುಳ್ಳೇನೋ ಅನ್ನಿಸಿಬಿಡುತ್ತದೆ.

ಈಗ ಅಣ್ಣನ ಮಗನ ವಿಷಯ. ಅವನಿಗೆ ಸೀಲಿಂಗ್ ಫ್ಯಾನು. ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಾನೆ. ರೆಕ್ಕೆಯ ಅಳತೆ 1200 ಎಂಎಂ, 1400 ಎಂಎಂ ಅಂತ ನೋಡಿಯೇ ಹೇಳುತ್ತಾನೆ. ಹಳೇ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಮೋಟಾರಿನದು ಅದರ ಅರ್ಧವೂ ಇಲ್ಲ ಅಂತ ಬಂದವರಿಗೆಲ್ಲ ಹೇಳುತ್ತಾನೆ. ಅವನನ್ನು ಕರೆದೊಯ್ಯುತ್ತಿದ್ದ ಒಂದು ಕಡೆ ನಿಮ್ಮ ಲೇಖನದ ಸಲಹೆಯನ್ನೇ ಕೊಟ್ಟರು. ಫ್ಯಾನಿನ ಮಾತಿಗೆ ಉತ್ತರ ಕೊಡಬೇಡಿ ಅಂದರು. ಮನೆಯವರೆಲ್ಲ ಹಾಗೇ ಮಾಡಿದರು. ಅವನು ಫ್ಯಾನಿನ ಮಾತು ನಿಲ್ಲಿಸಿದ. ಅದರ ಜೊತೆಗೆ ಹಸಿವು ಅನ್ನುವುದನ್ನೂ ನಿಲ್ಲಿಸಿದ, ಕಿವಿ ನೋವು ಅನ್ನುವುದನ್ನೂ ನಿಲ್ಲಿಸಿದ. ಕಿವಿ ಸೋರಲು ಶುರುವಾದ ಮೇಲೆ ಅತ್ತಿಗೆಗೆ ಗೊತ್ತಾಯಿತು. ಮಗುವಿಗೆ ಸುಲಭವಾಗಿ ಮಾತು ಬರುತ್ತಿದ್ದ ಬಾಗಿಲು ಅದೊಂದೇ ಆಗಿತ್ತು. ಈಗ ಅತ್ತಿಗೆ ದಿನಾ ಸಂಜೆ ಅವನ ಜೊತೆ ಫ್ಯಾನಿನ ಮಾತಿಗೆ ಕೂರುತ್ತಾರೆ. ನಾನು ಹೋದಾಗ ನನ್ನ ಸರದಿ. ರೆಗ್ಯುಲೇಟರ್ ತಿರುಗಿಸಿದಾಗ ಫ್ಯಾನು ಹೇಗೆ ನಿಧಾನವಾಗುತ್ತದೆ ಅಂತ ಅವನಿಂದಲೇ ತಿಳಿದೆ. ನನಗೆ ಫ್ಯಾನಿನಲ್ಲಿ ಆಸಕ್ತಿ ಇಲ್ಲ, ಅವನಲ್ಲಿ ಇದೆ.

ಇದರಿಂದ ಮುಂದೆ ಏನಾದರೂ ಉಪಯೋಗ ಇದೆಯಾ, ಇಂಜಿನಿಯರ್ ಆಗ್ತಾನಾ ಅಂತ ನೆಂಟರು ಕೇಳುತ್ತಾರೆ. ಈ ಪ್ರಶ್ನೆ ನನಗೆ ಇಷ್ಟ ಆಗುವುದಿಲ್ಲ. ಕೆಲಸ ಸಿಕ್ಕರೆ ಪ್ರತಿಭೆ, ಸಿಗದಿದ್ದರೆ ರೋಗ ಅಂತ ಲೆಕ್ಕ ಹಾಕುವುದು ಸರಿಯಲ್ಲ. ಮದುವೆ ಮನೆಯಲ್ಲಿ ಗಂಡಸರು ಸೈಟಿನ ರೇಟು, ಐಪಿಎಲ್ ಅಂತ ಬೆಳಗಿನಿಂದ ಸಂಜೆವರೆಗೆ ಒಂದೇ ಮಾತಾಡುತ್ತಾರೆ. ಅದರಿಂದ ಏನು ಉಪಯೋಗ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಹತ್ತು ಜನರಿಗೆ ಇಷ್ಟವಾದದ್ದು ಹವ್ಯಾಸ, ಒಬ್ಬರಿಗೇ ಇಷ್ಟವಾದದ್ದು ಗೀಳು ಅಂತ ಆಗಬಾರದು ಅಲ್ವಾ?

ಕೇಳುವವರಿಗೂ ದಣಿವಾಗುತ್ತದೆ ಅನ್ನುವುದು ನಿಜ. ದಿನವಿಡೀ ದುಡಿದು ಬಂದವರ ಮೇಲೆ ನನ್ನ ಹತ್ತನೇ ಶತಮಾನವನ್ನು ಹೇರುವ ಹಕ್ಕು ನನಗಿಲ್ಲ. ಅವ್ವನ ಸೀರಿಯಲ್ಲು ಮುಗಿಯುವವರೆಗೆ ನಾನೂ ಪಕ್ಕದಲ್ಲಿ ಕೂರುತ್ತೇನೆ, ಸೊಸೆ ಯಾಕೆ ಅತ್ತಳು ಅಂತ ಕೇಳುತ್ತೇನೆ. ಅವಳು ವಿವರವಾಗಿ ಹೇಳುತ್ತಾಳೆ. ಆಮೇಲೆ ಒಂದೊಂದು ಸಲ ಅವಳೇ, 'ಎಲ್ಲವ್ವ ಹೋಗಿದ್ದೆ ಭಾನ್ವಾರ, ಯಾವ್ ಕಲ್ಲು ಸಿಕ್ತು?' ಅನ್ನುವುದುಂಟು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರಿಂದ ಸರ್ಟಿಫಿಕೇಟು, ಶಾಲೆಯಲ್ಲಿ ಅನುಕೂಲ ಕೇಳಬಹುದು. ಊಟದ ಹೊತ್ತಿನಲ್ಲಿ ಕೇಳುವ ಕಿವಿಯನ್ನು ಕಾಯ್ದೆ ಕೊಡಲಾರದು. ಅದನ್ನು ಮನೆಯವರಿಗೆ ಹೇಳಿಕೊಡಬಲ್ಲದ್ದು ನಿಮ್ಮಂಥ ಪತ್ರಿಕೆ, ಸಾವಿರಾರು ಮನೆಗೆ ಹೋಗುವಂಥದ್ದು. ಆದ್ದರಿಂದ ನನ್ನ ಕೋರಿಕೆ ಎರಡು. 'ಉತ್ತರ ಕೊಡಬೇಡಿ' ಅನ್ನುವ ಆ ಸಲಹೆಯನ್ನು ಓದಿ ಯಾರಾದರೂ ಮಗುವಿನ ಜೊತೆ ಮಾತು ನಿಲ್ಲಿಸಿದ್ದರೆ, ಅವರಿಗೆ ಕಾಣುವ ಹಾಗೆ ಈ ಪತ್ರವನ್ನು ಅದೇ ಪುರವಣಿಯಲ್ಲಿ ಹಾಕಿ. ಮುಂದಿನ ಏಪ್ರಿಲ್‌ನಲ್ಲಿ ಡಾಕ್ಟರು, ಶಿಕ್ಷಕರ ಜೊತೆಗೆ ಆಟಿಸಂ ಇರುವ ದೊಡ್ಡವರಿಂದಲೂ ಬರೆಸಿ. ಬರೆಯಬಲ್ಲವರು ಪ್ರತಿ ಜಿಲ್ಲೆಯಲ್ಲೂ ಇದ್ದೇವೆ. ಅವರವರ ವಿಷಯದ ಬಗ್ಗೆ ಒಂದು ಪ್ಯಾರಾ ಜಾಸ್ತಿ ಬರೆದರೆ ದಯವಿಟ್ಟು ಕತ್ತರಿಸಬೇಡಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗಾರ್ತಿ, ಮದ್ದೂರು, ಮಂಡ್ಯ ಜಿಲ್ಲೆ