ಸ್ಯಾಂಪಲ್ ಒಂದು, ಬಂದ ಮಾಲು ಇನ್ನೊಂದು: ಟೀ ಶರ್ಟ್ ಆರ್ಡರ್ ಬಗ್ಗೆ ದೂರು

ದಾವಣಗೆರೆ
ಅಕ್ಟೋಬರ್ 18

ಇವರಿಗೆ,
ವ್ಯವಸ್ಥಾಪಕರು,
ಟೀ ಶರ್ಟ್ ಪ್ರಿಂಟಿಂಗ್ ಘಟಕ, ಪೀಣ್ಯ, ಬೆಂಗಳೂರು

ಮಾನ್ಯರೇ,

ನಾವು ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನ ಓದುತ್ತಿರುವ ಐದು ಜನ. ರಾಜ್ಯೋತ್ಸವಕ್ಕೆ ಕನ್ನಡ ಬರಹದ ಟೀ ಶರ್ಟ್ ಮಾರಲು ಹೊರಟಿದ್ದೇವೆ. ಒಂದೊಂದು ಶರ್ಟಿನಿಂದ 100 ರೂಪಾಯಿ ಹರಿಹರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಲೈಬ್ರರಿಗೆ ಹೋಗುತ್ತದೆ. ಹೀಗೆಂದು ಹೇಳಿಯೇ ಬುಕಿಂಗ್ ತೆಗೆದುಕೊಂಡಿದ್ದೇವೆ.

200 ಶರ್ಟ್‌ಗೆ ತಲಾ 230 ರೂಪಾಯಿಯಂತೆ, 5% ಜಿಎಸ್‌ಟಿ ಸೇರಿ 48,300 ರೂಪಾಯಿ ನಿಮಗೆ ಮೊದಲೇ ಕಟ್ಟಿದ್ದೇವೆ. ನೀವು ಕಳಿಸಿದ್ದ ಸ್ಯಾಂಪಲ್ ಚೆನ್ನಾಗಿತ್ತು. 180 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಬಟ್ಟೆಗೆ 180 ಗ್ರಾಂ ತೂಕ), ಬಯೋವಾಶ್ ಮಾಡಿದ, ಅಂದರೆ ಕಿಣ್ವದಿಂದ ತೊಳೆದು ಮೇಲಿನ ನವಿರು ಎಳೆ ತೆಗೆದ ಹತ್ತಿ ಬಟ್ಟೆ. ಬಂದ ಮಾಲು ಅದಲ್ಲ.

ಮುಟ್ಟಿದ ಕೂಡಲೇ ತೆಳು ಅನ್ನಿಸಿತು. ಸುಮ್ನೆ ಅನುಮಾನದ ಮೇಲೆ ಮಾತಾಡಬಾರದೆಂದು ಕಾಲೇಜಿನ ಲ್ಯಾಬ್‌ನಲ್ಲಿ ಕಟರ್‌ನಿಂದ 100 ಚದರ ಸೆಂ.ಮೀ. ತುಂಡು ಕತ್ತರಿಸಿ ತೂಗಿದೆವು. ಸ್ಯಾಂಪಲ್ಲಿನದು 1.8 ಗ್ರಾಂ ಬಂತು. ಬೇರೆ ಬೇರೆ ಬಂಡಲ್‌ಗಳಿಂದ ತೆಗೆದ ಶರ್ಟ್‌ಗಳದ್ದು 1.4 ಗ್ರಾಂ, ಅಂದರೆ 140 ಜಿಎಸ್‌ಎಂ. ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿಯಾದರೆ ಈ ವ್ಯಾಪಾರದಲ್ಲಿ ಯಾರೂ ತಕರಾರು ಮಾಡುವುದಿಲ್ಲ. ಇದು ನೂರಕ್ಕೆ 22ರಷ್ಟು ಕಡಿಮೆ! ಪ್ರಿಂಟ್ ಕೂಡ ಒಂದೇ ಒಗೆತಕ್ಕೆ ಬಿರುಕು ಬಿಟ್ಟಿದೆ. ಪ್ಲಾಸ್ಟಿಸಾಲ್ ಇಂಕ್ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸರಿಯಾಗಿ ಕ್ಯೂರ್ ಆಗದಿದ್ದರೆ, ಅಂದರೆ ಕಾದು ಪೂರ್ತಿ ಗಟ್ಟಿಯಾಗದಿದ್ದರೆ, ಹೀಗಾಗುತ್ತದೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, 'ಚಾರಿಟಿಗೆ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ' ಎಂದರು. ನಮಗೆ ಜಾಸ್ತಿ ನೋವಾಗಿದ್ದು ಈ ಮಾತಿಗೆ. ಕೊಳ್ಳುವವರು ನಮಗೆ ದಾನ ಕೊಡುತ್ತಿಲ್ಲ, ಒಳ್ಳೆಯ ಶರ್ಟಿಗೆ ಬೆಲೆ ಕೊಡುತ್ತಿದ್ದಾರೆ. ಈ ಸಲ ಕಳಪೆ ಕೊಟ್ಟರೆ ಮುಂದಿನ ವರ್ಷ ಯಾರು ಕೊಳ್ಳುತ್ತಾರೆ? ಆಗ ಆ ಮಕ್ಕಳ ಪುಸ್ತಕಕ್ಕೂ ಕಲ್ಲು ಬೀಳುತ್ತದೆ, ಅಲ್ವಾ?

ಸ್ಯಾಂಪಲ್ ತೋರಿಸಿ ಮಾರಿದ ಮೇಲೆ ಇಡೀ ಮಾಲು ಅದೇ ಗುಣಮಟ್ಟದ್ದಾಗಿರಬೇಕು ಎಂದು 1930ರ ಸರಕು ಮಾರಾಟ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಸ್ಯಾಂಪಲ್ ಶರ್ಟ್, ತೂಕದ ಫೋಟೋ, ಬಿಲ್ ಎಲ್ಲವೂ ನಮ್ಮ ಹತ್ತಿರ ಇವೆ.

ಅಕ್ಟೋಬರ್ 28ರ ಒಳಗೆ ಸ್ಯಾಂಪಲ್‌ನಂಥದ್ದೇ 200 ಶರ್ಟ್ ಕಳಿಸಿ. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. ಯಾವುದು ಎಂಬುದನ್ನು ಮೂರು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿ, ಬುಕ್ ಮಾಡಿದವರಿಗೆ ನಾವು ಉತ್ತರ ಹೇಳಬೇಕು. ಈಗ ಬಂದಿರುವ ಮಾಲನ್ನು ನಿಮ್ಮ ಖರ್ಚಿನಲ್ಲೇ ತರಿಸಿಕೊಳ್ಳಿ.

ಇಂತಿ,
ಟೀ ಶರ್ಟ್ ತಂಡದ ವಿದ್ಯಾರ್ಥಿಗಳು